ಚಳಿಗಾಲ ಪೂರ್ತಿ ಯೆಜ್ಡಿಯಲ್ಲೇ ಡ್ಯೂಟಿ

ಮಗಳು ಕಾಲೇಜಿಗೆ ಸೇರಿದ ಮೇಲೆ ಮನೆಯ ಸ್ಕೂಟರ್ ಅವಳ ಪಾಲಾಯಿತು. ನನಗೆ ಉಳಿದದ್ದು ಎರಡೇ ದಾರಿ. ಸಾಲ ಮಾಡಿ ಇನ್ನೊಂದು ಗಾಡಿ ತರಬೇಕು, ಇಲ್ಲಾಂದ್ರೆ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಕೂತಿದ್ದ ಅಪ್ಪಾಜಿಯ ಹಳೇ ಯೆಜ್ಡಿ ಬೈಕನ್ನು ಹೊರಗೆ ತೆಗೆಯಬೇಕು. ನಾನು ಎರಡನೆಯದನ್ನೇ ಆರಿಸಿಕೊಂಡೆ. ಸಾಲದ ಭಯ ಅಂತ ಮನೆಯಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ಇಂಥದ್ದೊಂದು ನೆಪಕ್ಕಾಗಿ ಎಷ್ಟೋ ವರ್ಷದಿಂದ ಕಾಯುತ್ತಿದ್ದೆ.

"ಬೇಸಿಗೆ ಬರ್ಲಿ ತೆಗೀರಿ, ಈಗ್ಯಾಕ್ರೀ ಚಳೀಲಿ" ಅಂದಳು ನನ್ನ ಹೆಂಡತಿ. ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ನನ್ನದು ನಂಜನಗೂಡಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಮೊದಲ ಶಿಫ್ಟು ಬೆಳಿಗ್ಗೆ ಆರಕ್ಕೆ. ಮೈಸೂರಿನ ಮನೆಯಿಂದ ಐದೂಕಾಲಿಗೆ ಹೊರಟರೆ ಸರಿಯಾಗುತ್ತದೆ. ಆ ಹೊತ್ತಿಗೆ ರಸ್ತೆಯಲ್ಲಿ ಹಾಲಿನವರು, ಪೇಪರ್ ಹುಡುಗರು, ಬಂಡಿಪಾಳ್ಯದ ಎಪಿಎಂಸಿಗೆ ತರಕಾರಿ ತುಂಬಿಕೊಂಡು ಹೋಗುವ ಆಟೋಗಳು, ಇಷ್ಟೇ. ಕತ್ತಲು ಕತ್ತಲೇ. ಡಿಸೆಂಬರ್, ಜನವರಿಯಲ್ಲಿ ಮಂಡಕಳ್ಳಿ ದಾಟಿದರೆ ಮಂಜು ಬೇರೆ.

ನಮ್ಮ ಗಾಡಿ 1976ರದ್ದು, ಯೆಜ್ಡಿ 250. ಮೈಸೂರಿನವರಿಗೆ ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, 1973ರಲ್ಲಿ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ದುಡಿದವರಲ್ಲಿ ಕೆಲವರು ಆಮೇಲೆ ಊರಲ್ಲೇ ಸಣ್ಣ ಗ್ಯಾರೇಜು ಇಟ್ಟುಕೊಂಡರು. ನನ್ನ ಗಾಡಿ ನೋಡುವ ಯಜಮಾನರು ಅಂಥವರಲ್ಲಿ ಒಬ್ಬರು. ಈಗ ವಯಸ್ಸಾಗಿದೆ, ಕಣ್ಣು ಅಷ್ಟು ಕಾಣುವುದಿಲ್ಲ, ಆದರೆ ಎಂಜಿನ್ ಮೇಲೆ ಒಂದು ಕೈ ಇಟ್ಟು ರೇಸ್ ಕೊಡಿಸಿ ಏನಾಗಿದೆ ಅಂತ ಹೇಳಿಬಿಡುತ್ತಾರೆ. ದಿನಾ ನಂಜನಗೂಡಿಗೆ ಓಡಿಸ್ತೀನಿ ಅಂದಾಗ ಅವರು ನಗಲಿಲ್ಲ. "ಓಡ್ಸಿ ಸ್ವಾಮಿ. ನಿಲ್ಸಿದ್ರೇನೇ ಇದು ಕೆಡೋದು" ಅಂದರು.

ಮೊದಲು ಚಳಿಯ ವಿಷಯ. ಚಳಿಗಾಲದಲ್ಲಿ ಹಳೇ ಬೈಕು ಸ್ಟಾರ್ಟೇ ಆಗಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಆದರೆ ನಮ್ಮ ಕಡೆಯ ಚಳಿ ಎಷ್ಟರದು ಹೇಳಿ? ಜನವರಿಯ ಬೆಳಗಿನ ಜಾವ ಹದಿನೈದು ಡಿಗ್ರಿ, ತೀರಾ ಕೊರೆಯುವ ದಿನ ಹನ್ನೆರಡು. ಇದು ಎಂಜಿನ್ನಿಗೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ತೊಂದರೆ ಕೊಡುವುದು ಇಬ್ಬನಿ. ರಾತ್ರಿಯೆಲ್ಲ ತಣ್ಣಗಾದ ಕಬ್ಬಿಣದ ಮೇಲೆ ಅದು ಕೂರುತ್ತದೆ, ಒಳಗೂ ಹೊರಗೂ. ಇದು ಗೊತ್ತಾದ ಮೇಲೆ ಗಾಡಿ ನೋಡಿಕೊಳ್ಳುವ ರೀತಿಯನ್ನೇ ಬದಲಿಸಿದೆ. ಪ್ಲಾಸ್ಟಿಕ್ ಹೊದಿಕೆ ಕಿತ್ತು ಎಸೆದೆ. ಅದರೊಳಗೆ ತೇವ ಸೇರಿಕೊಂಡರೆ ಹೊರಗೇ ಹೋಗುವುದಿಲ್ಲ, ಬೆಳಿಗ್ಗೆ ತೆಗೆದರೆ ಕ್ರೋಮ್ ಮೇಲೆ ಹನಿಹನಿ ನೀರು. ಈಗ ಹೆಂಡತಿಯ ಹಳೇ ಕಾಟನ್ ಸೀರೆ ಹೊದಿಸುತ್ತೇನೆ. ಗಾಳಿಯಾಡುತ್ತದೆ, ಧೂಳೂ ಕೂರುವುದಿಲ್ಲ.

ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮ ಇದೆ. ಓಣಿಯೊಳಗೆ ಆ ಹೊತ್ತಿನಲ್ಲಿ ಟೂ ಸ್ಟ್ರೋಕ್ ಎಂಜಿನ್ನಿನ ಶಬ್ದ ಮಾಡಿದರೆ ಅಕ್ಕಪಕ್ಕದವರು ಸುಮ್ನೆ ಬಿಡುತ್ತಾರಾ? ಅದಕ್ಕೇ ಓಣಿಯ ತುದಿಯವರೆಗೆ ತಳ್ಳಿಕೊಂಡೇ ಹೋಗುತ್ತೇನೆ. ತಳ್ಳುವಾಗ ಕ್ಲಚ್ ಹಿಡಿದು ಗೇರಿಗೆ ಹಾಕಿ ಹಿಂದೆ ಮುಂದೆ ಆಡಿಸಿದರೆ ಇನ್ನೊಂದು ಲಾಭವೂ ಇದೆ. ರಾತ್ರಿಯೆಲ್ಲ ತಣ್ಣನೆಯ ಆಯಿಲಲ್ಲಿ ಅಂಟಿಕೊಂಡಿದ್ದ ಕ್ಲಚ್ ಪ್ಲೇಟುಗಳು ಟಕ್ ಅಂತ ಬಿಟ್ಟುಕೊಳ್ಳುತ್ತವೆ. ಹಾಗೆ ಮಾಡದಿದ್ದರೆ ಮೊದಲ ಗೇರಿಗೆ ಹಾಕಿದ ತಕ್ಷಣ ಗಾಡಿ ನೆಗೆಯುತ್ತದೆ. ಆಮೇಲೆ ಪೆಟ್ರೋಲ್ ಕಾಕ್ ತಿರುಗಿಸಿ, ಕಾರ್ಬುರೇಟರ್ ಗುಂಡಿಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು, ಪೆಟ್ರೋಲ್ ಉಕ್ಕಿ ಬೆರಳು ತಣ್ಣಗಾಗುವವರೆಗೆ. ಕೀ ಹಾಕದೆಯೇ ಒಂದೆರಡು ಕಿಕ್. ಆಮೇಲೆ ಮೊಳೆಯಂಥ ಆ ಕೀ ಒತ್ತಿ ಒಂದು ಸರಿಯಾದ ಕಿಕ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದರಲ್ಲಿ ಕಿಕ್ಕರ್ ಬೇರೆ ಇಲ್ಲ, ಎಡಗಡೆಯ ಗೇರ್ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಕಾರ್ಖಾನೆಯ ಹುಡುಗರು ಇದನ್ನು ನೋಡುವುದಕ್ಕೆ ಅಂತಲೇ ಪಾರ್ಕಿಂಗ್ ಹತ್ತಿರ ನಿಲ್ಲುತ್ತಿದ್ದರು.

ಸ್ಟಾರ್ಟ್ ಆದ ಮೇಲೆ ಹೊಗೆ. ಒಪ್ಪಿಕೊಳ್ಳಲೇಬೇಕು, ಚಳಿಯಲ್ಲಿ ಹೊಗೆ ಜಾಸ್ತಿಯೇ. ಅಲ್ಲೇ ನಿಂತು ಹತ್ತು ನಿಮಿಷ ರೇಸ್ ಮಾಡಿ ಬಿಸಿ ಮಾಡುವವರನ್ನು ನೋಡಿದ್ದೇನೆ. ಅದು ಬೇಡ. ಐಡ್ಲಿಂಗ್ ನಿಲ್ಲುವಷ್ಟಾದರೆ ಸಾಕು, ನಿಧಾನವಾಗಿ ಹೊರಟುಬಿಡುವುದು, ಮೊದಲ ಎರಡು ಮೂರು ಕಿಲೋಮೀಟರ್ ಜೋರಾಗಿ ಎಳೆಯದೆ ಹೋಗುವುದು. ನಿಂತಲ್ಲೇ ಬಿಸಿ ಮಾಡಿದರೆ ಸುಡದ ಆಯಿಲೆಲ್ಲ ಪ್ಲಗ್ಗಿನ ಮೇಲೂ ಸೈಲೆನ್ಸರಿನಲ್ಲೂ ಕೂರುತ್ತದೆ.

ಆಯಿಲ್ ಅಂದಾಗ ನೆನಪಾಯಿತು. ಇದಕ್ಕೆ ಪೆಟ್ರೋಲಿನ ಜೊತೆ ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್ ಬೆರೆಸಬೇಕು, ಲೀಟರಿಗೆ ನಲವತ್ತು ಎಂಎಲ್. ಮೊದಲೆಲ್ಲ ಬಂಕಿನಲ್ಲೇ ಕೈಪಂಪಿನಿಂದ ಹಾಕಿಕೊಡುತ್ತಿದ್ದರು, ಈಗ ಬಹಳ ಕಡೆ ಅದಿಲ್ಲ. ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುವುದರಿಂದ ನೇರ ಟ್ಯಾಂಕಿಗೆ ಸುರಿದರೆ ಬೇಗ ಬೆರೆಯುವುದಿಲ್ಲ, ತಳಕ್ಕೆ ಹೋಗಿ ಕೂರುತ್ತದೆ. ಆಗ ಕಾರ್ಬುರೇಟರಿಗೆ ಮೊದಲು ಹೋಗುವುದೇ ಮಂದ ಆಯಿಲ್. ಅದಕ್ಕೆ ನಾನು ಒಂದು ಸಣ್ಣ ಕ್ಯಾನಿನಲ್ಲಿ ಅರ್ಧ ಲೀಟರ್ ಪೆಟ್ರೋಲಿಗೆ ಆಯಿಲ್ ಹಾಕಿ ಚೆನ್ನಾಗಿ ಕುಲುಕಿ, ಅದನ್ನು ಟ್ಯಾಂಕಿಗೆ ಹಾಕಿ, ಆಮೇಲೆ ಉಳಿದ ಪೆಟ್ರೋಲ್ ತುಂಬಿಸುತ್ತೇನೆ. ಬಂಕಿನ ಹುಡುಗರು ಮುಖ ಕಿವುಚುತ್ತಾರೆ. ಕಿವುಚಲಿ.

ಇನ್ನೊಂದು ತಲೆನೋವು ಎಥೆನಾಲ್. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವ ಹೀರುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವವೆಲ್ಲ ರಾತ್ರಿ ಚಳಿಗೆ ಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ, ಅದು ಪೆಟ್ರೋಲಿಗೆ ಸೇರುತ್ತದೆ. ನೀರು ಜಾಸ್ತಿಯಾದರೆ ಎಥೆನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಬೀಳುತ್ತವೆ. 1976ರ ಟ್ಯಾಂಕಿಗೆ ಇದರಿಂದ ತುಕ್ಕು, 1976ರ ರಬ್ಬರಿಗೆ ಇದರಿಂದ ಊತ. ಯಜಮಾನರು ಶುರುವಿನಲ್ಲೇ ಪೆಟ್ರೋಲ್ ಪೈಪು, ಕಾಕಿನ ವಾಷರು ಎಲ್ಲ ಬದಲಿಸಿ ಎಥೆನಾಲ್ ತಡೆಯುವಂಥದ್ದು ಹಾಕಿದರು. ನಾನು ಮಾಡುತ್ತಿದ್ದದ್ದು ಎರಡೇ ಕೆಲಸ. ಸಂಜೆ ಹೊತ್ತಿಗೆ ಟ್ಯಾಂಕು ಆದಷ್ಟು ತುಂಬಿರುವ ಹಾಗೆ ನೋಡಿಕೊಳ್ಳುವುದು, ವಾರಕ್ಕೊಮ್ಮೆ ಕಾರ್ಬುರೇಟರಿನ ತಳದ ಬಟ್ಟಲು ಬಿಚ್ಚಿ ಒರೆಸುವುದು. ಬಟ್ಟಲಿನ ಮೂಲೆಯಲ್ಲಿ ಒಂದೊಂದು ಸಲ ನೀರಿನ ಗುಂಡು ಹನಿ ಪೆಟ್ರೋಲಿಗೆ ಸೇರದೆ ಉರುಳಾಡುತ್ತಿತ್ತು. ದಿನಾ ಓಡಿಸುವ ಗಾಡಿಗೆ ಈ ಕಾಟ ಕಡಿಮೆ, ಅದೂ ನಿಜ. ಪೆಟ್ರೋಲ್ ಹಳಸುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಚಳಿಗಾಲದ ನಿಜವಾದ ಸಮಸ್ಯೆ ಬೆಳಕು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಗಾಡಿಯದು ಆರು ವೋಲ್ಟಿನ ವೈರಿಂಗು. ಪ್ಲಗ್ಗಿಗೆ ಕಿಡಿ ಬರುವುದೂ ಬ್ಯಾಟರಿಯಿಂದಲೇ, ಹೆಡ್‌ಲೈಟ್ ಉರಿಯುವುದೂ ಅದರಿಂದಲೇ. ಡೈನಮೋ ಚೆನ್ನಾಗಿ ಚಾರ್ಜ್ ಮಾಡಬೇಕಾದರೆ ಎಂಜಿನ್ ಸ್ವಲ್ಪ ವೇಗವಾಗಿ ತಿರುಗುತ್ತಿರಬೇಕು. ಮಂಜಿನಲ್ಲಿ ನೀವು ಹೋಗುವುದು ಇಪ್ಪತ್ತೈದು ಮೂವತ್ತರಲ್ಲಿ. ಹೆಡ್‌ಲೈಟ್ ಪೂರ್ತಿ ಹೊತ್ತು ಉರಿಯುತ್ತಿರುತ್ತದೆ, ಡೈನಮೋ ಬರೀ ತೂಕಡಿಸುತ್ತಿರುತ್ತದೆ, ಚಾರ್ಜಿಂಗಿನ ಕೆಂಪು ದೀಪ ಕಣ್ಣು ಮಿಟುಕಿಸುತ್ತದೆ. ಬ್ಯಾಟರಿ ಇಳಿದಷ್ಟೂ ಕಿಡಿ ಸಣ್ಣದಾಗುತ್ತದೆ, ಎಂಜಿನ್ ಮಿಸ್ಸಾಗಲು ಶುರು. ಬೆಳಕು ಬೇಕಾದ ಹೊತ್ತಲ್ಲೇ ಬೆಳಕು ಕಡಿಮೆ.

ಗೊತ್ತಿರುವವರೆಲ್ಲ ಹೇಳಿದ್ದು ಒಂದೇ ಮಾತು, ಹನ್ನೆರಡು ವೋಲ್ಟಿಗೆ ಬದಲಿಸಿ, ಕಿಡಿಗೆ ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಡಬ್ಬಿ ಹಾಕಿಸಿ, ಎಲ್‌ಇಡಿ ಹಾಕಿಸಿ. ಬಹಳ ಜನ ಮಾಡಿಸಿದ್ದಾರೆ, ಚೆನ್ನಾಗಿಯೂ ಇದೆ. ನನಗೆ ಮನಸ್ಸು ಬರಲಿಲ್ಲ. ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಸಿಬಿ ಪಾಯಿಂಟಿನ ಗ್ಯಾಪನ್ನು ಅಪ್ಪಾಜಿ ಫೀಲರ್ ಗೇಜಿನ ತೆಳು ತಗಡು ಇಟ್ಟು ನೋಡುತ್ತಾ ಕೂರುತ್ತಿದ್ದ ಗಾಡಿ ಇದು, ಅದನ್ನು ಕಿತ್ತು ಒಂದು ಕಪ್ಪು ಡಬ್ಬಿ ಕೂರಿಸಿದರೆ ಆಮೇಲೆ ಅದು ಯಾರ ಗಾಡಿ? ಯಜಮಾನರಿಗೂ ಈ ಮಾತು ಹಿಡಿಸಿತು. "ಇರೋದ್ನೇ ಸರಿಯಾಗ್ ಮಾಡಣ ಬುಡಿ ಸ್ವಾಮಿ" ಅಂದು ವೈರಿಂಗ್ ಪೂರ್ತಿ ಬಿಚ್ಚಿ ಹಾಕಿದರು. ಆಗ ಗೊತ್ತಾಯಿತು, ಬೆಳಕು ಮಂಕಾಗುವುದಕ್ಕೆ ಅರ್ಧ ಕಾರಣ ಆರು ವೋಲ್ಟ್ ಅಲ್ಲ, ಹಳೇ ವೈರು. ಕರೆಂಟು ಬಲ್ಬಿಗೆ ಹೋಗುವಷ್ಟರಲ್ಲಿ ಹಸಿರುಗಟ್ಟಿದ ಜಾಯಿಂಟುಗಳಲ್ಲೇ ಕರಗಿಹೋಗುತ್ತಿತ್ತು. ದಪ್ಪ ವೈರು ಎಳೆದರು. ಅರ್ತಿಂಗ್ ಕೂರುವ ಕಡೆಯೆಲ್ಲ ಪೇಂಟ್ ಕೆರೆದು ಬರಿ ಕಬ್ಬಿಣಕ್ಕೆ ಕೊಟ್ಟರು. ಮಸುಕಾಗಿದ್ದ ಹೆಡ್‌ಲೈಟ್ ರಿಫ್ಲೆಕ್ಟರನ್ನು ಪಾಲಿಶ್ ಮಾಡಿಸಿಕೊಂಡು ಬಂದೆ. ಕಾರಿನ ಹಾಗೆ ಏನೂ ಆಗಲಿಲ್ಲ, ಆದರೆ ಗುಂಡಿ ಯಾವುದು ನೆರಳು ಯಾವುದು ಅಂತ ತಿಳಿಯುವಷ್ಟಾಯಿತು.

ಬ್ಯಾಟರಿಗೆ ಅಲೆದಿದ್ದು ಬೇರೆಯೇ ಕಥೆ. ಆರು ವೋಲ್ಟಿನ ಬೈಕ್ ಬ್ಯಾಟರಿ ಕೇಳಿದರೆ ಅಂಗಡಿಯವರು ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಒಂದು ಅಂಗಡಿಯಲ್ಲಿ ಕೊಟ್ಟದ್ದು ಹದಿನೈದೇ ದಿನಕ್ಕೆ ಕೈಕೊಟ್ಟಿತು. ಕೊನೆಗೆ ಯೆಜ್ಡಿಯವರೆಲ್ಲ ಮಾಡುವುದನ್ನೇ ಮಾಡಿದೆ. ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುತ್ತದಲ್ಲ, ಆ ಜಾತಿಯ ಸೀಲ್ಡ್ ಬ್ಯಾಟರಿ, ಸ್ವಲ್ಪ ದೊಡ್ಡ ಸೈಜಿನದು. ಭಾನುವಾರ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಒಂದು ವಾರ ಯೋಚನೆ ಇಲ್ಲ. ಮಂಜಿನಲ್ಲಿ ಒಂದು ಗೇರ್ ಕಡಿಮೆಯಲ್ಲೇ ಹೋಗುವುದನ್ನೂ ರೂಢಿ ಮಾಡಿಕೊಂಡೆ. ಶಬ್ದ ಜಾಸ್ತಿ, ಪೆಟ್ರೋಲೂ ಸ್ವಲ್ಪ ಜಾಸ್ತಿ, ಆದರೆ ಕೆಂಪು ದೀಪ ಆರಿರುತ್ತದೆ.

ನಾನು ಕಾಣುವುದಕ್ಕಿಂತ ನಾನು ಬೇರೆಯವರಿಗೆ ಕಾಣುವುದು ಮುಖ್ಯ ಅಂತ ಆಮೇಲೆ ಅನ್ನಿಸಿತು. ಯೆಜ್ಡಿಯ ಹಿಂದಿನ ದೀಪ ಮಂಜಿನಲ್ಲಿ ಊದಿನಕಡ್ಡಿಯ ಕೆಂಡದಷ್ಟು ಕಾಣುತ್ತದೆ. ಸೈಕಲ್ಲಿಗೆ ಹಾಕುವ ಸೆಲ್ಲಿನ ಮಿಣುಕು ದೀಪ ಒಂದನ್ನು ತಂದು ಕ್ಯಾರಿಯರಿಗೆ ಕಟ್ಟಿದೆ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಟೇಪ್. ನೋಡುವುದಕ್ಕೆ ಚೆನ್ನಾಗಿಲ್ಲ, ಅಂದ ನೋಡುವವರು ಬಿಸಿಲು ಬಂದ ಮೇಲೆ ನೋಡಲಿ.

ಮಂಜು ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ಊರೊಳಗೆ ಏನೂ ಇಲ್ಲ, ಚಾಮುಂಡಿ ಬೆಟ್ಟದ ದೀಪಗಳು ಸರಿಯಾಗಿ ಕಾಣುತ್ತಿರುತ್ತವೆ. ಮಂಡಕಳ್ಳಿಯ ವಿಮಾನ ನಿಲ್ದಾಣದ ಬಯಲು ಬಂದಾಗ ಮೊಣಕಾಲಿಗೆ ಮೊದಲು ತಣ್ಣಗೆ ತಾಗುತ್ತದೆ, ಆಮೇಲೆ ಕಣ್ಣಿಗೆ ಕಾಣುತ್ತದೆ. ಕಡಕೊಳದ ಆಚೆ, ತಾಂಡವಪುರದ ಗದ್ದೆ ಬಯಲಿನಲ್ಲಿ ಬಿಳೀ ಗೋಡೆ. ಕಪಿಲೆಯ ಕಡೆ ತಗ್ಗು, ನೀರಿನ ಪಸೆ, ಗಾಳಿ ಇಲ್ಲ. ಅಲ್ಲಿ ಹೈ ಬೀಮ್ ಹಾಕಿದರೆ ಕೆಟ್ಟೆವು. ಬೆಳಕೆಲ್ಲ ಎದುರಿನ ಮಂಜಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್, ರಸ್ತೆಯ ಎಡಗಡೆಯ ಬಿಳಿ ಗೆರೆ, ಅಷ್ಟೇ. ಸರ್ಕಾರಿ ಬಸ್ಸೊಂದು ಸಿಕ್ಕಿದರೆ ಪುಣ್ಯ, ದೂರ ಬಿಟ್ಟುಕೊಂಡು ಅದರ ಹಿಂದಿನ ದೀಪ ಹಿಡಿದು ಹೋಗುತ್ತಿದ್ದೆ. ಹೆದರಿಕೆ ಇದ್ದದ್ದು ಕಬ್ಬಿನ ಟ್ರ್ಯಾಕ್ಟರುಗಳದ್ದು. ಒಂದಕ್ಕೂ ಹಿಂದೆ ದೀಪ ಇರುವುದಿಲ್ಲ, ಟ್ರೇಲರಿನ ಆಚೆ ಈಚೆ ಎರಡೆರಡು ಅಡಿ ಕಬ್ಬು ಚಾಚಿಕೊಂಡಿರುತ್ತದೆ. ನಿಮ್ಮ ಮೂಗಿಗೆ ಕಬ್ಬಿನ ಸೋಗೆಯ ವಾಸನೆ ಬಂತು ಅಂದರೆ ಆಕ್ಸಿಲೇಟರ್ ಬಿಡಿ. ಸುಮ್ನೆ ಹೇಳುತ್ತಿಲ್ಲ, ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ.

ದೊಡ್ಡ ರಸ್ತೆ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ಒಕ್ಕಣೆ. ಹುರುಳಿ, ರಾಗಿ ಕಟಾವಾಗುವ ಕಾಲ ಅದು. ಕಣ ಮಾಡುವ ಕಷ್ಟ ಯಾರಿಗೆ ಬೇಕು, ಡಾಂಬರಿನ ಮೇಲೆ ಹರಡಿದರೆ ಗಾಡಿಗಳೇ ತುಳಿದು ಕೊಡುತ್ತವೆ. ರೈತರ ಮೇಲೆ ನನಗೇನೂ ಕೋಪ ಇಲ್ಲ, ಆಳಿನ ಕೂಲಿ ಎಷ್ಟಾಗಿದೆ ಅಂತ ಗೊತ್ತು. ಆದರೆ ಇಬ್ಬನಿಗೆ ನೆನೆದ ಹುರುಳಿ ಸೊಪ್ಪಿನ ಮೇಲೆ ಎರಡು ಚಕ್ರ ಹತ್ತಿದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ, ಒಂದೇ ಸಮ ದಾಟಿಬಿಡಬೇಕು. ಒಂದು ದಿನ ದಾಟಿ ಬಂದ ಮೇಲೆ ಹಿಂದಿನಿಂದ ಕರಕರ ಶಬ್ದ. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಆಕ್ಸಲಿಗೂ ಬ್ರೇಕ್ ರಾಡಿಗೂ ಹುರುಳಿ ಬಳ್ಳಿ ಹಗ್ಗ ಹೊಸೆದ ಹಾಗೆ ಬಿಗಿದುಕೊಂಡಿದೆ. ಪ್ಲಗ್ ಸ್ಪ್ಯಾನರಿನ ಜೊತೆ ಒಂದು ಚಾಕು ಇಟ್ಟುಕೊಳ್ಳುತ್ತಿದ್ದೆ, ಅದರಲ್ಲಿ ಕೊಯ್ದು ಕೊಯ್ದು ತೆಗೆದೆ. ಯೆಜ್ಡಿಯ ಚೈನಿಗೆ ಪೂರ್ತಿ ಮುಚ್ಚಿದ ಕೇಸ್ ಇರುವುದರಿಂದ ಬಚಾವ್. ಬೇರೆ ಬೈಕಾಗಿದ್ದರೆ ಅದು ಚೈನಿಗೇ ಸುತ್ತಿಕೊಳ್ಳುತ್ತಿತ್ತು. ಆ ಕೇಸಿನ ದೆಸೆಯಿಂದ ಚಳಿಗಾಲದ ಧೂಳಿಗೂ ಇಬ್ಬನಿಗೂ ಚೈನು ಸಿಗುವುದೇ ಇಲ್ಲ. ಐವತ್ತು ವರ್ಷದ ಹಿಂದೆ ಇಷ್ಟು ಯೋಚನೆ ಮಾಡಿದ್ದರು, ಈಗಿನವರು ಚೈನನ್ನು ಬತ್ತಲೆ ಬಿಟ್ಟು ಅದಕ್ಕೊಂದು ಸ್ಪ್ರೇ ಮಾರುತ್ತಾರೆ.

ದಾರಿಯಲ್ಲಿ ಗಾಡಿ ನಿಂತದ್ದು ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಚಂಡಮಾರುತದ ಮೋಡ ಕಟ್ಟಿ ಜಿಟಿಜಿಟಿ ಮಳೆ ಹಿಡಿದ ವಾರ ಕಡಕೊಳದ ಹತ್ತಿರ ಎಂಜಿನ್ ಮಿಸ್ಸಾಗಿ ಆಫಾಯಿತು. ಒಂದು ಟೀ ಅಂಗಡಿ ಆಗಷ್ಟೇ ಬಾಗಿಲು ತೆಗೆದಿತ್ತು, ಅದರ ಬಲ್ಬಿನ ಬೆಳಕಿಗೆ ತಳ್ಳಿಕೊಂಡು ಹೋದೆ. ಪ್ಲಗ್ ಬಿಚ್ಚಿದೆ, ಕಪ್ಪಗೆ ಒದ್ದೆ. ಹೊಸದು ಹಾಕಿದರೂ ಕಿಡಿ ಇಲ್ಲ. ಬಲಗಡೆಯ ಕವರ್ ಬಿಚ್ಚಿದರೆ ಡೈನಮೋ ಪಕ್ಕದಲ್ಲಿ ಸಿಬಿ ಪಾಯಿಂಟ್, ಅದರ ಮೇಲೆ ಸೂಜಿ ಮೊನೆಯಷ್ಟು ನೀರು. ಜೇಬಿನಲ್ಲಿದ್ದ ಯಾರದೋ ಮದುವೆ ಕಾಗದದ ಅಂಚು ಹರಿದು, ಪಾಯಿಂಟಿನ ಎರಡು ತುಟಿಯ ನಡುವೆ ತೂರಿಸಿ ಮೆಲ್ಲಗೆ ಎಳೆದೆ. ಕಾಗದದ ಮೇಲೆ ಬೂದು ಬಣ್ಣದ ಗೆರೆ ಮೂಡಿತು. ಇನ್ನೊಂದು ಸಲ ಎಳೆದೆ, ಗೆರೆ ಬರಲಿಲ್ಲ. ಅಷ್ಟೇ ರಿಪೇರಿ. ಅಂಗಡಿಯಾತ ಅಷ್ಟೂ ಹೊತ್ತು ಕೈಯಲ್ಲಿ ಸೌಟು ಹಿಡಿದು ನೋಡುತ್ತಾ ನಿಂತಿದ್ದ. "ಇನ್ನೂ ಓಡ್ತದಾ ಅಣ್ಣ ಇದು?" ಅಂತ ಕೇಳಿದ. ಒಂದೇ ಕಿಕ್ಕಿಗೆ ಶುರುವಾಯಿತು. ನನಗೆ ಆ ಹೊತ್ತಿನಲ್ಲಿ ಆದ ಜಂಬ ಹೇಳತೀರದು. ಆಮೇಲೆ ಆ ಕವರಿನ ಗ್ಯಾಸ್ಕೆಟ್ಟಿಗೆ ಸ್ವಲ್ಪ ಗ್ರೀಸ್ ಸವರಿದೆ, ಮತ್ತೆ ನೀರು ಹೋಗಲಿಲ್ಲ.

ಓಡಿಸುವವನ ಚಳಿಯ ವಿಷಯಕ್ಕೆ ಬಂದರೆ, ಸ್ವೆಟರ್ ಎಷ್ಟು ಹಾಕಿದರೂ ಉಪಯೋಗವಿಲ್ಲ, ಗಾಳಿ ಅದರ ತೂತುಗಳಲ್ಲೇ ನುಗ್ಗುತ್ತದೆ. ಸ್ವೆಟರಿನ ಮೇಲೆ ಮಳೆ ಜಾಕೆಟ್ ಹಾಕಿದರೆ ಬೇರೇನೂ ಬೇಡ. ಎದೆಗೆ ಹಿಂದಿನ ದಿನದ ಪೇಪರ್ ಮಡಿಸಿಟ್ಟುಕೊಳ್ಳುವುದು ಅಪ್ಪಾಜಿಯ ಉಪಾಯ, ಈಗಲೂ ಅದಕ್ಕೆ ಸಮ ಇಲ್ಲ. ನಾನು ಕನ್ನಡಕದವನು. ಹೆಲ್ಮೆಟ್ಟಿನೊಳಗೆ ಉಸಿರು ತಾಗಿ ಗಾಜು, ವೈಸರ್ ಎರಡೂ ಮಬ್ಬಾಗುತ್ತಿದ್ದವು. ವೈಸರಿನ ಒಳಗಡೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸವರಿ ಒಣಬಟ್ಟೆಯಲ್ಲಿ ಒರೆಸಿದರೆ ಒಂದೆರಡು ದಿನ ತಡೆಯುತ್ತದೆ. ಬೆರಳಿಗೆ ಮಾತ್ರ ಏನು ಮಾಡಿದರೂ ಚಳಿ. ಕಾರ್ಖಾನೆ ತಲುಪಿದ ತಕ್ಷಣ ಸಿಲಿಂಡರಿನ ರೆಕ್ಕೆಗಳ ಹತ್ತಿರ ಕೈ ಹಿಡಿದು ಕೂರುತ್ತಿದ್ದೆ, ಈ ಸೌಕರ್ಯ ಸ್ಕೂಟರಿನಲ್ಲಿ ಇರಲಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ ಒಂದು ಮಾತು. ಇದು ಉಳಿತಾಯದ ಗಾಡಿ ಅಲ್ಲವೇ ಅಲ್ಲ. ಲೀಟರಿಗೆ ಮೂವತ್ತರ ಆಸುಪಾಸು ಕೊಡುತ್ತದೆ, ಮಂಜಿನ ದಿನ ಅದೂ ಇಲ್ಲ, ಮೇಲೆ ಆಯಿಲಿನ ಖರ್ಚು. ಶಿಫ್ಟ್ ಮುಗಿಸಿ ಮಧ್ಯಾಹ್ನ ವಾಪಸ್ ಬರುವಾಗ ಗಾಡಿ ಹದವಾಗಿ ಕಾದು ತಣ್ಣನೆ ಗಾಳಿಯಲ್ಲಿ ಒಂದೇ ಶ್ರುತಿಯಲ್ಲಿ ಎಳೆಯುತ್ತದಲ್ಲ, ಅದಕ್ಕೆ ಯಾವ ಲೆಕ್ಕ ಹಾಕುವುದು ಅಂತ ನನಗೆ ಗೊತ್ತಿಲ್ಲ. ಚಳಿಗಾಲದ ಗಾಳಿಗೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಈ ಎಳೆತ ಸಿಗುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು. ಆಮೇಲೆ ಗಾಡಿಯನ್ನು ಯಜಮಾನರ ಹತ್ತಿರ ಬಿಟ್ಟು ಪೂರ್ತಿ ನೋಡಿಸಿದೆ. ಎರಡೂ ಸೈಲೆನ್ಸರಿನ ಒಳಗಿನ ಕೊಳವೆ, ಬ್ಯಾಫಲ್, ಹೊರಗೆಳೆದರೆ ಟಾರಿನಂಥ ಕಾರ್ಬನ್, ನಿಧಾನವಾಗಿ ಓಡಿಸಿದ ದಿನಗಳದ್ದೆಲ್ಲ ಅಲ್ಲೇ ಇತ್ತು. ಸುಟ್ಟು, ಬಡಿದು, ತಂತಿ ಬ್ರಷ್ಷಿನಲ್ಲಿ ಉಜ್ಜಿದರು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರು, ತುಕ್ಕು ಇಲ್ಲ. ಸಿಲಿಂಡರಿನ ಬೋರ್ ಚೆನ್ನಾಗಿದೆ ಅಂದರು. ಕ್ರ್ಯಾಂಕಿನ ಒಂದು ಆಯಿಲ್ ಸೀಲ್ ಮಾತ್ರ ಸೋತಿದೆಯಂತೆ, ಬಿಸಿಯಾದ ಮೇಲೂ ಹೊಗೆ ನಿಲ್ಲದೆ ಇದ್ದದ್ದು ಅದಕ್ಕೇ, ಗೇರ್‌ಬಾಕ್ಸ್ ಆಯಿಲನ್ನೇ ಎಂಜಿನ್ ಕುಡಿಯುತ್ತಿತ್ತು. ಸೀಲ್ ತಂದುಕೊಟ್ಟಿದ್ದೇನೆ. ಎಂಜಿನ್ ಇಳಿಸುವ ಕೆಲಸ ಈ ಭಾನುವಾರ ಅಂತ ಆಗಿದೆ, ಅಲ್ಲಿಯವರೆಗೆ ಬಸ್ಸು. ಮಗಳು ಸ್ಕೂಟರ್ ಕೊಡ್ತೀನಿ ಅಂದಳು, ಬೇಡ ಅಂದೆ.